ಹೊಲದ ಹೆಸರಿನಲ್ಲಿ ಉಳಿದ ಬಾವಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಮುಚ್ಚಿಹೋದ ದೇವರ ಬಾವಿ, ಕಲ್ಯಾಣಿಗಳನ್ನು ಪತ್ತೆಹಚ್ಚುವ ಕ್ರಮ

ಬಾವಿ ಮುಚ್ಚಿ ಮೂರು ತಲೆಮಾರು ಕಳೆದರೂ ಹೊಲದ ಹೆಸರು ಅಷ್ಟು ಸುಲಭವಾಗಿ ಮುಚ್ಚಿಹೋಗುವುದಿಲ್ಲ. ಸುತ್ತ ಎಲ್ಲಿಯೂ ಬಾವಿ ಕಾಣದ ಬೆದ್ದಲು ಹೊಲವನ್ನು ‘ಮಜ್ಜನದ ಬಾವಿ ಹೊಲ’ ಎಂದು ಕರೆಯುವುದುಂಟು. ನೀರಿನ ಪಸೆಯೇ ಇಲ್ಲದ ದಿಣ್ಣೆಗೆ ‘ಕೊಳದ ಮಾನ್ಯ’ ಎಂದು ಹೆಸರಿರುವುದುಂಟು. ಉಳುವವರಿಗೆ ಇದು ಬರಿಯ ಗುರುತಿನ ಹೆಸರು. ಆದರೆ ಹೆಸರಿಟ್ಟವರು ಕಾರಣವಿಲ್ಲದೆ ಇಟ್ಟಿರುವುದಿಲ್ಲ. ಆ ಹೆಸರನ್ನು ಹಳೆಯ ನಕ್ಷೆ, ಸರ್ವೆ ದಾಖಲೆ ಮತ್ತು ಶಾಸನಗಳ ಜೊತೆ ಹೋಲಿಸಿ ನೋಡಿದರೆ, ಕಳೆದುಹೋದ ಬಾವಿಯ ಜಾಗವನ್ನು ಕೆಲವೇ ಗಜಗಳ ಅಂತರಕ್ಕೆ ಗುರುತಿಸಲು ಸಾಧ್ಯ. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಓದು ಬರಹ ಬಲ್ಲ ರೈತರು ನಾಲ್ಕಾರು ಮಂದಿ ಸೇರಿದರೆ ಒಂದು ಬೇಸಿಗೆಯಲ್ಲಿ ಒಂದು ಊರಿನ ಕೆಲಸ ಮುಗಿಯುತ್ತದೆ.

ಇದರಿಂದ ರೈತನಿಗೇನು ಪ್ರಯೋಜನವೆಂಬ ಪ್ರಶ್ನೆ ಸಹಜ. ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು: ಬಾವಿ ಸಿಕ್ಕಿತೆಂದರೆ ನೀರು ಸಿಕ್ಕಿತೆಂದಲ್ಲ. ಕಡೂರು ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಬಳಸಿರುವ ತಾಲ್ಲೂಕುಗಳ ಪಟ್ಟಿಯಲ್ಲಿದೆ. 2010ರ ದಶಕದ ಬರದ ವರ್ಷಗಳಲ್ಲಿ ಇಲ್ಲಿನ ತೆಂಗಿನ ತೋಟಗಳು ಸುಳಿ ಒಣಗಿ ನಿಂತದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳವೆ ಬಾವಿಗಳು ಬಂಡೆಯ ಬಿರುಕುಗಳಲ್ಲಿರುವ ನೀರನ್ನು ಎಳೆಯುತ್ತಿರುವಾಗ ಮೇಲಿನ ಪದರದ ತೆರೆದ ಬಾವಿಗಳು ಬತ್ತುವುದು ಸಹಜ. ಆದರೆ ಹಿಂದಿನವರು ಹಾರೆ ಗುದ್ದಲಿಯಿಂದ ಬಾವಿ ತೋಡಬೇಕಾಗಿದ್ದರಿಂದ, ಬಂಡೆ ಶಿಥಿಲವಾಗಿ ಮಣ್ಣಾಗಿ ನೀರು ಸುಲಭವಾಗಿ ಇಳಿಯುವ ಜಾಗವನ್ನೇ ಹುಡುಕಿಕೊಳ್ಳುತ್ತಿದ್ದರು. ಕೆರೆ ಏರಿಯ ಕೆಳಗಿನ ಜಿನುಗು, ಹಳ್ಳದ ತಿರುವು, ಎರಡು ದಿಣ್ಣೆಗಳ ನಡುವಣ ತಗ್ಗು ಅವರ ಆಯ್ಕೆಯಾಗಿದ್ದವು. ಹಿಂದೆ ನೀರು ಕೊಟ್ಟ ಆ ಜಾಗವೇ ಇಂದು ಮಳೆನೀರನ್ನು ಇಂಗಿಸಲು ತಕ್ಕ ಜಾಗ. ಒಂದು ಎಕರೆ ನೆಲದ ಮೇಲೆ 25 ಮಿಲಿಮೀಟರ್, ಅಂದರೆ ಸುಮಾರು ಒಂದಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರಾಗುತ್ತದೆ. ಇಪ್ಪತ್ತು ಅಡಿ ಚೌಕ, ಮೂವತ್ತು ಅಡಿ ಆಳದ ಬಾವಿಯೊಂದು ಸುಮಾರು 3 ಲಕ್ಷ 40 ಸಾವಿರ ಲೀಟರ್ ಹಿಡಿಯುತ್ತದೆ. ಇಷ್ಟು ದೊಡ್ಡ ಗುಂಡಿಯನ್ನು ಇಂದು ಹೊಸದಾಗಿ ತೋಡಿ ಕಲ್ಲು ಕಟ್ಟಿಸಲು ಏನು ಖರ್ಚಾಗುತ್ತದೆಂದು ಓದುಗರೇ ಲೆಕ್ಕ ಹಾಕಬಹುದು.

ಎರಡನೆಯ ಪ್ರಯೋಜನ ಹಕ್ಕಿನದು. ದೇವರ ಬಾವಿ ಎಂದರೆ ಸಾಮಾನ್ಯವಾಗಿ ಊರೊಟ್ಟಿನ ಬಾವಿ. ಅದು ಕಣ್ಣಿಗೆ ಕಾಣದಾದಾಗ ಅದರ ನೆಲವೂ ಯಾರದೋ ಪಾಲಾಗುತ್ತದೆ.

ಮೊದಲು ಹೆಸರು, ಆಮೇಲೆ ನಕ್ಷೆ

ಕೆಲಸವನ್ನು ಕಚೇರಿಯಿಂದ ಆರಂಭಿಸಬಾರದು, ಊರಿನ ಜಗಲಿಯಿಂದ ಆರಂಭಿಸಬೇಕು. ಕಾಗದಗಳು ಇನ್ನೂ ಕೆಲವು ವರ್ಷ ಕಚೇರಿಯಲ್ಲಿ ಕಾದಿರುತ್ತವೆ, ಹೆಸರು ಬಲ್ಲ ಹಿರಿಯರು ಕಾಯುವುದಿಲ್ಲ. ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದುಕೊಂಡು, ಊರಿನ ಪ್ರತಿಯೊಂದು ಹೊಲ, ಗದ್ದೆ, ತೋಟ, ಹಳ್ಳ, ದಿಬ್ಬ, ದಾರಿಯ ಹೆಸರನ್ನೂ ಬರೆದುಕೊಳ್ಳಬೇಕು. ಬಾವಿಗೆ ಸಂಬಂಧಿಸಿದ್ದನ್ನು ಮಾತ್ರ ಕೇಳಿದರೆ ಹೇಳುವವರು ಕೇಳುವವನ ಮನಸ್ಸಿನಲ್ಲಿರುವುದನ್ನೇ ಹೇಳಿಬಿಡುತ್ತಾರೆ. ಎಲ್ಲ ಹೆಸರನ್ನೂ ಬರೆದುಕೊಂಡರೆ ಬೇಕಾದದ್ದು ತಾನಾಗಿ ಬರುತ್ತದೆ.

ಯಾರನ್ನು ಕೇಳಬೇಕೆಂಬುದು ಮುಖ್ಯ. ಜಮೀನಿನ ಯಜಮಾನರನ್ನು ಮಾತ್ರ ಕೇಳುವುದು ಸಾಲದು. ನೀರು ಹೊತ್ತವರು ಹೆಂಗಸರು. ಮದುವೆಯ ಗಂಗೆ ಪೂಜೆ, ಬಾಣಂತಿಯ ಬಾವಿ ಪೂಜೆ ಮೊದಲು ಯಾವ ಬಾವಿಯಲ್ಲಿ ನಡೆಯುತ್ತಿತ್ತು, ಆಮೇಲೆ ಎಲ್ಲಿಗೆ ಬದಲಾಯಿತು ಎಂಬುದು ಅಜ್ಜಿಯರಿಗೆ ನೆನಪಿರುತ್ತದೆ. ಕುರಿಗಾಹಿಗಳಿಗೆ ಊರಿನ ಸೀಮೆಯ ಹೊರಗಿನ ಹೊಂಡ, ದೊಣೆಗಳು ಗೊತ್ತು. ಬಾವಿ ತೋಡುವುದು, ಕಲ್ಲು ಕಟ್ಟುವುದೇ ಕಸುಬಾಗಿದ್ದ ಬೋವಿ ಕುಟುಂಬಗಳ ಹಿರಿಯರು ಇದ್ದರೆ ಅವರ ಮಾತಿಗೆ ಹೆಚ್ಚಿನ ಬೆಲೆ ಕೊಡಬೇಕು. ಪರಿಶಿಷ್ಟರ ಕೇರಿಗೂ ಹೋಗಿ ಕೇಳತಕ್ಕದ್ದು. ಎಷ್ಟೋ ದೇವರ ಬಾವಿಗಳಲ್ಲಿ ಅವರಿಗೆ ನೀರು ಸೇದಲು ಬಿಡುತ್ತಿರಲಿಲ್ಲ. ಎಲ್ಲಿಗೆ ಹೋಗಬಾರದೆಂದು ಚಿಕ್ಕಂದಿನಲ್ಲಿ ಹೇಳಿಸಿಕೊಂಡವರು ಆ ಜಾಗವನ್ನು ಮರೆಯುವುದಿಲ್ಲ.

ಜಾತ್ರೆ, ಉತ್ಸವಗಳ ದಾರಿಯನ್ನೂ ಗಮನಿಸಬೇಕು. ದೇವರನ್ನು ಗಂಗಾಪೂಜೆಗೆ ಕರೆದೊಯ್ಯುವಾಗ ಪಲ್ಲಕ್ಕಿ ಅಥವಾ ಅಡ್ಡೆ ಏನೂ ಇಲ್ಲದ ಹೊಲದ ಬದುವಿನಲ್ಲಿ ಒಂದು ಗಳಿಗೆ ನಿಂತು, ಒಂದು ಕಾಯಿ ಒಡೆಸಿಕೊಂಡು ಮುಂದೆ ಹೋಗುವುದುಂಟು. ‘ಏಕೆ ನಿಲ್ಲುತ್ತದೆ?’ ಎಂದರೆ ‘ಹಿಂದಿನಿಂದ ಬಂದದ್ದು’ ಎಂಬ ಉತ್ತರ ಸಿಗುತ್ತದೆ. ಅಂಥ ಜಾಗವನ್ನು ನೋಟ್ ಪುಸ್ತಕದಲ್ಲಿ ತಪ್ಪದೆ ಗುರುತು ಮಾಡಿಕೊಳ್ಳಿ.

ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರ, ವಿಭಾಗ ಪತ್ರಗಳನ್ನೂ ತೆಗೆದು ಓದಬೇಕು. ಅವುಗಳಲ್ಲಿ ಚಕ್ಕುಬಂದಿ ಬರೆಯುವಾಗ ‘ಪೂರ್ವಕ್ಕೆ ದೇವರ ಬಾವಿ, ಉತ್ತರಕ್ಕೆ ಬಂಡಿ ದಾರಿ’ ಎಂಬಂತೆ ಗಡಿಗಳನ್ನು ಹೇಳಿರುತ್ತಾರೆ. ಈಗಿನ ಪಹಣಿಯಲ್ಲಿ ಸಿಗದ ಸಂಗತಿ ಅಜ್ಜನ ಕಾಲದ ಛಾಪಾ ಕಾಗದದಲ್ಲಿ ಸಿಗಬಹುದು.

ಮೋಸಗೊಳಿಸುವ ಹೆಸರುಗಳು

ಹೆಸರುಗಳ ವಿಷಯದಲ್ಲಿ ಅವಸರ ಸಲ್ಲದು. ‘ಕೊಳಗದ ಹೊಲ’ ಎಂಬಲ್ಲಿ ಕೊಳವಿರಲಿಲ್ಲ. ಕೊಳಗವೆಂಬುದು ಕಾಳಿನ ಅಳತೆ. ಇಷ್ಟು ಕೊಳಗ ಬಿತ್ತನೆ ಹಿಡಿಸುವ ನೆಲ ಎಂದು ಅದರ ಅರ್ಥ. ‘ಕುಂಟೆ’ ಎಂದರೆ ಸಣ್ಣ ಕೆರೆಯೂ ಹೌದು, ಹರಗುವ ಸಲಕರಣೆಯೂ ಹೌದು. ಬಾಯಿಮಾತಿನಲ್ಲಿ ಅದು ‘ಗುಂಟೆ’ಯೊಡನೆ ಬೆರೆತು ಅಳತೆಯೂ ಆಗಿಬಿಡುತ್ತದೆ. ‘ಗಂಗಮ್ಮನ ಹೊಲ’ದಲ್ಲಿ ಗಂಗೆಯ ಪೂಜೆ ನಡೆದಿರಬಹುದು, ಇಲ್ಲವೇ ಗಂಗಮ್ಮನೆಂಬ ಹೆಣ್ಣುಮಗಳು ಅದನ್ನು ಉಳುಮೆ ಮಾಡಿಸಿರಬಹುದು. ‘ಗುಂಡಿ ಹೊಲ’ವು ಮಡಕೆ ಮಣ್ಣು ತೆಗೆದ ಗುಂಡಿಯಿಂದಲೂ ಬಂದಿರಬಹುದು. ‘ದೇವರ ಹೊಲ’ ಎಂದರೆ ಹೆಚ್ಚಿನ ಪಾಲು ಪೂಜಾರಿ ಇನಾಮಿನ ನೆಲವಷ್ಟೇ, ಅದರಲ್ಲಿ ಬಾವಿ ಇರಲೇಬೇಕೆಂದಿಲ್ಲ. ‘ಹೊಸ ಬಾವಿ’, ‘ಸಾಲದ ಬಾವಿ’ ಎಂಬ ಹೆಸರುಗಳು ತಕಾವಿ ಸಾಲದಲ್ಲಿ ತೋಡಿಸಿದ ಈಚಿನ ಬಾವಿಗಳವು.

ಇದಕ್ಕೆ ಬದಲು ಮಜ್ಜನ, ಅಗ್ಗವಣಿ, ಹೂವಿನ ತೋಟ, ನಂದನವನ, ಅರವಟ್ಟಿಗೆ, ಹೊಂಡ, ಚಿಲುಮೆ ಎಂಬ ಮಾತುಗಳು ಬಂದರೆ ಕಿವಿ ನಿಮಿರಿಸಬೇಕು. ಮಜ್ಜನವೆಂದರೆ ದೇವರಿಗೆ ನೀರೆರೆಯುವುದು, ಅಗ್ಗವಣಿಯೆಂದರೆ ಅದಕ್ಕೆ ತರುವ ಮಡಿನೀರು. ದೇವಸ್ಥಾನದ ಹೂವಿನ ತೋಟಕ್ಕೆ ದಿನವೂ ನೀರು ಬೇಕು, ಆದ್ದರಿಂದ ಹೂವಿನ ತೋಟದ ಮಾನ್ಯವೆಂದರೆ ಪಕ್ಕದಲ್ಲಿ ಬಾವಿಯಿತ್ತೆಂದೇ ತಿಳಿಯಬಹುದು. ಒಂದು ಹೆಸರು ಮಾತ್ರ ಸಿಕ್ಕರೆ ಸುಮ್ಮನಿರಿ. ಒಂದರ ಪಕ್ಕ ಒಂದು ಇಂಥ ಎರಡು ಮೂರು ಹೆಸರುಗಳು ಸಿಕ್ಕರೆ ಮುಂದಿನ ಹೆಜ್ಜೆ ಇಡಿ.

ಇಂಗ್ಲೆಂಡಿನಲ್ಲಿಯೂ ಕಳೆದುಹೋದ ಪುಣ್ಯಬಾವಿಗಳನ್ನು ಹುಡುಕುವವರು ಹೀಗೆಯೇ ಮಾಡುತ್ತಾರೆ. ಅಲ್ಲಿ 1836ರ ಕಾನೂನಿನ ಮೇರೆಗೆ ಚರ್ಚಿನ ದಶಾಂಶ ತೆರಿಗೆಗಾಗಿ ಊರೂರಿನ ನಕ್ಷೆ ತಯಾರಾದಾಗ, ಜೊತೆಯ ಪಟ್ಟಿಯಲ್ಲಿ ಹೊಲಗಳ ಹೆಸರನ್ನೂ ಬರೆದಿಟ್ಟರು. ನಮ್ಮ ಗ್ರಾಮ ನಕ್ಷೆಯಲ್ಲಿ ಹೊಲಕ್ಕೆ ಅಂಕಿಯಿದೆ, ಹೆಸರಿಲ್ಲ. ಅವರಿಗೆ ಕಾಗದದಲ್ಲಿ ಸಿಗುವುದು ನಮಗೆ ನಾಲಗೆಯ ಮೇಲಿದೆ. ನೋಟ್ ಪುಸ್ತಕಕ್ಕೆ ಇಷ್ಟು ಒತ್ತು ಕೊಟ್ಟಿರುವುದು ಈ ಕಾರಣದಿಂದ.

ನಕ್ಷೆಗಳನ್ನು ಓದುವ ಬಗೆ

ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ 1863ರಲ್ಲಿ ಚಿತ್ರದುರ್ಗದ ಕಡೆಯಿಂದ ಆರಂಭವಾಗಿ ಕ್ರಮೇಣ ಎಲ್ಲ ಜಿಲ್ಲೆಗಳಿಗೂ ಬಂತು. ಆ ಸರ್ವೆಯಿಂದ ಬಂದ ಮೂರು ದಾಖಲೆಗಳು ನಮಗೆ ಬೇಕು: ಗ್ರಾಮ ನಕ್ಷೆ, ಆಕಾರಬಂದ್ ಮತ್ತು ಮೂಲ ಟಿಪ್ಪಣಿ. ಇವುಗಳ ನಕಲಿಗೆ ತಾಲ್ಲೂಕಿನ ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಹುಡುಕುವಾಗ ಎರಡು ಸಂಗತಿ ನೆನಪಿರಲಿ. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಅದರ ಹಳೆಯ ಕಾಗದಗಳೆಲ್ಲ ತರೀಕೆರೆ ತಾಲ್ಲೂಕಿನ ಹೆಸರಿನಲ್ಲಿವೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು.

ಗ್ರಾಮ ನಕ್ಷೆಯ ಪ್ರಮಾಣ ಒಂದು ಮೈಲಿಗೆ ಎಂಟು ಅಂಗುಲ. ಎಂದರೆ ನಕ್ಷೆಯ ಒಂದಂಗುಲ ನೆಲದ ಮೇಲೆ 660 ಅಡಿ, ಒಂದು ಮಿಲಿಮೀಟರ್ ಸುಮಾರು 26 ಅಡಿ. ಪೆನ್ಸಿಲಿನ ದಪ್ಪ ಚುಕ್ಕೆಯೊಂದರಲ್ಲಿ ಇಡೀ ಬಾವಿ ಅಡಗಿಹೋಗುತ್ತದೆ. ಆದುದರಿಂದ ಗ್ರಾಮ ನಕ್ಷೆಯಿಂದ ಬಾವಿ ಯಾವ ಸರ್ವೆ ನಂಬರಿನಲ್ಲಿದೆ, ಯಾವ ಮೂಲೆಗೆ ಹತ್ತಿರವಿದೆ ಎಂಬಷ್ಟನ್ನು ಮಾತ್ರ ತಿಳಿಯಬೇಕು. ಅಳತೆಗೆ ಟಿಪ್ಪಣಿಯೇ ಗತಿ. ಟಿಪ್ಪಣಿಯಲ್ಲಿ ಅಳತೆ ಸರಪಳಿ ಮತ್ತು ಆಣೆಗಳಲ್ಲಿರುತ್ತದೆ. ಒಂದು ಸರಪಳಿ 33 ಅಡಿ. ಅದರ ಹದಿನಾರನೆಯ ಒಂದು ಭಾಗ ಒಂದು ಆಣೆ, ಅಂದರೆ ಎರಡು ಅಡಿಗಿಂತ ತುಸು ಹೆಚ್ಚು. ಒಂದು ಸರಪಳಿ ಚೌಕವೇ ಒಂದು ಗುಂಟೆ.

ಸಮಗ್ರ ದೃಶ್ಯಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂನಕ್ಷೆಗಳು ಒಳ್ಳೆಯವು. 76 ಡಿಗ್ರಿ ರೇಖಾಂಶ ಈ ಸೀಮೆಯ ನಡುವೆ ಹಾದುಹೋಗುವುದರಿಂದ, ಹಳೆಯ ಎಣಿಕೆಯಂತೆ ತರೀಕೆರೆಯ ಕಡೆ 48 ಓ, ಕಡೂರಿನ ಪೂರ್ವ ಭಾಗ 57 ಸಿ ಹಾಳೆಗಳಲ್ಲಿ ಬರುತ್ತವೆ. ಕಡೂರು, ಅಜ್ಜಂಪುರ ಪಟ್ಟಣಗಳು ಗೆರೆಯ ಅಂಚಿನಲ್ಲೇ ಇವೆ, ಅಲ್ಲಿಯವರು ಎರಡನ್ನೂ ನೋಡಬೇಕಾದೀತು. ಕಲ್ಲು ಕಟ್ಟಿದ ಬಾವಿಗೂ ಕಚ್ಚಾ ಬಾವಿಗೂ ಈ ನಕ್ಷೆಗಳಲ್ಲಿ ಬೇರೆ ಬೇರೆ ಗುರುತುಗಳಿವೆ. ಹಳೆಯ ಮುದ್ರಣದಲ್ಲಿದ್ದ ಬಾವಿ ಹೊಸ ಮುದ್ರಣದಲ್ಲಿ ಇಲ್ಲವಾದರೆ, ಈ ಎರಡು ಸರ್ವೆಗಳ ನಡುವೆ ಅದು ಮುಚ್ಚಿರಬಹುದು. ನಿಂತ ಜಾಗದ ಸರ್ವೆ ನಂಬರು ತಿಳಿಯಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ ಅನುಕೂಲ. ಅದನ್ನು ದಾರಿ ತೋರಿಸಲು ಮಾತ್ರ ಬಳಸಿ, ಗಡಿ ತೀರ್ಮಾನಕ್ಕೆ ಬಳಸಬೇಡಿ.

ಶಾಸನಗಳ ನೆರವು

ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಪೂರ್ತಿ ಕಡೂರು ಜಿಲ್ಲೆಯ ಶಾಸನಗಳದು. ತಾಲ್ಲೂಕುವಾರು ಜೋಡಿಸಿರುವುದರಿಂದ ನಿಮ್ಮ ಊರಿನ ಶಾಸನವಿದ್ದರೆ ಹುಡುಕುವುದು ಕಷ್ಟವಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತನು ಕಟ್ಟಿಸಿದ ಅಮೃತೇಶ್ವರ ದೇವಾಲಯವನ್ನೂ, ಅಲ್ಲಿ ಜನ್ನ ಕವಿ ರಚಿಸಿದ ಶಾಸನವನ್ನೂ ಹಲವರು ಬಲ್ಲರು. ಕಡೂರು ತಾಲ್ಲೂಕಿನ ಆಸಂದಿ ಒಂದು ಕಾಲಕ್ಕೆ ಗಂಗ ಮನೆತನದ ಶಾಖೆಯೊಂದರ ನೆಲೆ. ಇಂಥ ದೊಡ್ಡ ಊರುಗಳ ಶಿಲ್ಪವನ್ನು ನೋಡಲು ದೂರದಿಂದ ಜನ ಬರುತ್ತಾರೆ. ರೈತನ ಕಣ್ಣು ಶಾಸನದ ಕೊನೆಯ ಸಾಲುಗಳ ಮೇಲಿರಬೇಕು. ದತ್ತಿ ಕೊಟ್ಟ ಗದ್ದೆ, ಬೆದ್ದಲೆಗಳ ಎಲ್ಲೆಯನ್ನು ಹೇಳುವ ಭಾಗ ಅದು. ಕೆರೆ, ಹಳ್ಳ, ಮರ, ನಟ್ಟ ಕಲ್ಲು, ಬಾವಿ ಎಲ್ಲವೂ ಅಲ್ಲಿ ಬರುತ್ತವೆ. ಓದುವವರು ಸಾಮಾನ್ಯವಾಗಿ ಆ ಭಾಗವನ್ನು ಬೇಸರದಿಂದ ದಾಟಿಬಿಡುತ್ತಾರೆ. ನಮ್ಮ ಕೆಲಸಕ್ಕೆ ರಾಜನ ಬಿರುದಾವಳಿಗಿಂತ ಅದೇ ಹೆಚ್ಚು ಬೆಲೆಯುಳ್ಳದ್ದು.

ದತ್ತಿ ನೆಲದ ಮೂಲೆಗಳಲ್ಲಿ ನೆಟ್ಟ ಮುದ್ರೆ ಕಲ್ಲುಗಳೂ ಸಾಕ್ಷಿ ಹೇಳುತ್ತವೆ. ಲಿಂಗದ ಗುರುತಿದ್ದರೆ ಶಿವಾಲಯದ ನೆಲ, ವಾಮನನ ಗುರುತಿದ್ದರೆ ವಿಷ್ಣು ದೇವಾಲಯದ್ದು, ಮುಕ್ಕೊಡೆಯಿದ್ದರೆ ಬಸದಿಯದು. ಇಂಥ ಕಲ್ಲನ್ನು ಬದುವಿನಿಂದ ಕಿತ್ತು ಹಟ್ಟಿಯ ಮುಂದೆ ಹಾಕಿಕೊಂಡರೆ ಅದರ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಕಲ್ಲು ನಿಂತಿರುವ ಜಾಗದಲ್ಲೇ ಇರಲಿ.

ಒಂದು ಉದಾಹರಣೆ

ಒಂದು ಊರನ್ನು ಊಹಿಸಿಕೊಳ್ಳೋಣ. ನೋಟ್ ಪುಸ್ತಕದಲ್ಲಿ ಅಕ್ಕಪಕ್ಕದ ಮೂರು ಹೊಲಗಳಿಗೆ ‘ಹಾಳುಗುಡಿ ದಿಬ್ಬ’, ‘ಹೂವಿನ ತೋಟ’, ‘ಮಜ್ಜನದ ಹೊಲ’ ಎಂಬ ಹೆಸರುಗಳಿವೆ. ಮೂರೂ ಈಗ ರಾಗಿ ಬೆಳೆಯುವ ಖುಷ್ಕಿ ಜಮೀನುಗಳು. ಗ್ರಾಮ ನಕ್ಷೆಯಲ್ಲಿ ದಿಬ್ಬದ ನಂಬರಿನ ಈಶಾನ್ಯಕ್ಕೆ ಮಜ್ಜನದ ಹೊಲವಿದೆ. ದೇವಾಲಯದ ನೀರು ಈಶಾನ್ಯದಲ್ಲಿರಬೇಕೆಂಬ ವಾಸ್ತು ರೂಢಿಗೆ ಇದು ಒಪ್ಪುತ್ತದೆ. ಹಾಗೆಂದು ರೂಢಿಯನ್ನು ನಿಯಮವೆಂದು ತಿಳಿಯಬಾರದು. ಇನ್ನು ಆಕಾರಬಂದ್ ತೆಗೆದು ನೋಡಿದಾಗ ಮಜ್ಜನದ ಹೊಲದ ಒಟ್ಟು ವಿಸ್ತೀರ್ಣದಲ್ಲಿ ಮೂರು ಗುಂಟೆಯನ್ನು ‘ಬಿ’ ಖರಾಬು ಎಂದು ಕಳೆದಿದ್ದಾರೆ. ‘ಎ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ್ದು, ‘ಬಿ’ ಖರಾಬು ದಾರಿ, ಕೆರೆ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಹಳ್ಳವೂ ಇಲ್ಲದ, ದಾರಿಯೂ ಇಲ್ಲದ ಹೊಲದ ನಡುವೆ ಮೂರು ಗುಂಟೆ ‘ಬಿ’ ಖರಾಬು ಏಕೆ ಬಂತು?

ಮೂರು ಗುಂಟೆಯೆಂದರೆ 3,267 ಚದರ ಅಡಿ, ಹೆಚ್ಚುಕಡಿಮೆ 57 ಅಡಿ ಚೌಕ. ಅದು ಸೇದುವ ಬಾವಿಯ ಅಳತೆಯಲ್ಲ, ಮೆಟ್ಟಿಲುಳ್ಳ ಕಲ್ಯಾಣಿಯ ಅಳತೆ. ಟಿಪ್ಪಣಿಯಲ್ಲಿ ಅದರ ಒಂದು ಮೂಲೆ ಗಡಿ ಕಲ್ಲಿನಿಂದ 3 ಸರಪಳಿ 8 ಆಣೆ ಎಂದಿದ್ದರೆ 115 ಅಡಿ 6 ಅಂಗುಲ ಅಳೆದು ಅಲ್ಲಿ ಒಂದು ಗೂಟ ನೆಡಬೇಕು. ಗಡಿ ಕಲ್ಲು ಮೂಲದ್ದೇ, ಯಾರಾದರೂ ಸರಿಸಿದ್ದೇ ಎಂಬುದನ್ನು ಮೊದಲು ಇನ್ನೊಂದು ಕಲ್ಲಿನಿಂದ ತಾಳೆ ನೋಡತಕ್ಕದ್ದು.

ನೆಲವೇ ಹೇಳುವ ಸಾಕ್ಷ್ಯ

ಗೂಟ ನೆಟ್ಟ ಮೇಲೆ ನೆಲವನ್ನು ಮೂರು ಸಲ ನೋಡಬೇಕು. ಯುಗಾದಿಯ ಆಸುಪಾಸಿನಲ್ಲಿ ಹೊಲ ಬರಿದಾಗಿದ್ದಾಗ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಒಮ್ಮೆ; ಆಗ ಗೇಣಷ್ಟು ತಗ್ಗೂ ನೆರಳಿನಲ್ಲಿ ಕಾಣಿಸುತ್ತದೆ. ಭರಣಿ ಮಳೆಯ ಮರುದಿನ ಇನ್ನೊಮ್ಮೆ. ತುಂಬಿದ ಮಣ್ಣು ಕುಸಿಯುವುದರಿಂದ ನೀರು ಒಂದೇ ಕಡೆ ನಿಂತು ಬೇಗ ಇಂಗಿರುತ್ತದೆ. ಮೂರನೆಯದು ಮಳೆ ಕೈಕೊಟ್ಟು ಪೈರು ಬಾಡತೊಡಗಿದಾಗ. ತುಂಬಿದ ಬಾವಿಯ ಮೇಲಿನ ಆಳವಾದ ಸಡಿಲ ಮಣ್ಣಿನಲ್ಲಿ ಪೈರು ನಾಲ್ಕು ದಿನ ಹೆಚ್ಚು ಹಸಿರಾಗಿರುತ್ತದೆ. ಮಣ್ಣಿನಡಿ ಕಲ್ಲುಹಾಸು ಇರುವಲ್ಲಿ ಸುತ್ತಣ ಪೈರಿಗಿಂತ ಮೊದಲೇ ಹಳದಿಯಾಗುತ್ತದೆ. ಬೆಳೆಗಾರನಿಗೆ ಮಾತ್ರ ಕಾಣುವ ಸಾಕ್ಷ್ಯವಿದು, ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ.

ಅತ್ತಿ, ನೇರಳೆ, ಈಚಲು ಹತ್ತಿರದಲ್ಲಿ ಹಸಿಯಿದ್ದುದನ್ನು ಸೂಚಿಸುತ್ತವೆ. ಮರ ಮತ್ತು ಹುತ್ತಗಳಿಂದ ಜಲವನ್ನು ಊಹಿಸುವ ಕ್ರಮವನ್ನು ಆರನೆಯ ಶತಮಾನದ ವರಾಹಮಿಹಿರನೂ ತನ್ನ ‘ಬೃಹತ್ಸಂಹಿತೆ’ಯಲ್ಲಿ ಬರೆದಿದ್ದಾನೆ. ಆದರೆ ಬೆದ್ದಲು ಹೊಲದ ನಡುವೆ ಒಂಟಿ ಬಿಲ್ವಪತ್ರೆಯೋ ದೇವಕಣಗಿಲೆಯೋ ನಿಂತಿದ್ದರೆ ಅದು ಬೇರೆಯೇ ಕಥೆ ಹೇಳುತ್ತದೆ. ಅದನ್ನು ಯಾರೋ ಪೂಜೆಗಾಗಿ ನೆಟ್ಟಿರುತ್ತಾರೆ. ಬದುವಿನ ಕಲ್ಲುಗಳನ್ನೂ ತಿರುಗಿಸಿ ನೋಡಿ. ಉಳಿ ಹೊಡೆದ ಚಪ್ಪಡಿ, ಹಗ್ಗ ಉಜ್ಜಿ ಗೀರು ಬಿದ್ದ ಅಂಚುಗಲ್ಲು, ಒಡೆದ ಕಲ್ಲು ಬಾನಿ ಸಿಕ್ಕರೆ ಬಾವಿ ದೂರವಿಲ್ಲ. ಎತ್ತುಗಳು ಹಿಮ್ಮೆಟ್ಟಿ ಮುನ್ನಡೆದ ಇಳಿಜಾರು ದಾರಿಯ ಗುರುತಿದ್ದರೆ ಅದು ಕಪಿಲೆ ಬಾವಿ, ಅಂದರೆ ತೋಟದ ಬಾವಿ. ಅಮೃತಮಹಲ್ ಕಾವಲುಗಳಲ್ಲಿ ನೇಗಿಲು ಬೀಳದ ಭಾಗಗಳಲ್ಲಿ ಇಂಥ ಗುರುತುಗಳು ಹೆಚ್ಚು ಸ್ಪಷ್ಟವಾಗಿರುತ್ತವೆ. ಅಲ್ಲಿ ನೋಡಬಹುದು, ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ.

ಬೀದರಿನ ನೌಬಾದಿನಲ್ಲಿ ಬಹಮನಿಯರ ಕಾಲದ ನೆಲದಡಿಯ ಕಾಲುವೆ, ಕರೇಜ್, ಪತ್ತೆಯಾದದ್ದೂ ಹೀಗೆ ನೆಲವನ್ನು ಓದಿಯೇ. ಹೊಲಗಳಲ್ಲಿ ಅಲ್ಲಲ್ಲಿ ಇದ್ದ ಬಾವಿಗಳನ್ನು ಬಿಡಿಬಿಡಿಯಾಗಿ ನೋಡದೆ ಸಾಲಾಗಿ ಜೋಡಿಸಿ ನೋಡಿದಾಗ, ಅವು ಒಂದೇ ಕಾಲುವೆಯ ಬಾಯಿಗಳೆಂಬುದು ತಿಳಿಯಿತು. 2010ರ ದಶಕದಲ್ಲಿ ಅದರ ಹೂಳನ್ನೂ ತೆಗೆಯಲಾಯಿತು.

ಪತ್ತೆಯಾದ ಮೇಲೆ

ಜೆಸಿಬಿ ತರಿಸುವ ಮಾತನ್ನು ಮೊದಲ ದಿನವೇ ಆಡಬೇಡಿ. ಒಂದು ಗುಡ್ಡೆ ಮಣ್ಣು ಎದ್ದರೆ ನಿಧಿಯ ಸುದ್ದಿ ಹಬ್ಬುತ್ತದೆ, ರಾತ್ರಿ ಬಂದವರು ಬೆಳಗಾಗುವುದರೊಳಗೆ ಇರುವ ಕಟ್ಟಡವನ್ನೂ ಕೆಡವಿ ಹೋಗುತ್ತಾರೆ. ಬೆಲೆಯುಳ್ಳ ವಸ್ತು ನೆಲದಡಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾನೂನು ಹೇಳುತ್ತದೆ. ಕೆತ್ತನೆಯ ಕಲ್ಲು ಕಂಡುಬಂದರೆ ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸುವುದು ಕ್ಷೇಮ. ಹಳೇಬೀಡಿನ ಬಳಿಯ ಹುಲಿಕೆರೆಯಲ್ಲಿರುವ ಹೊಯ್ಸಳರ ಕೊಳವನ್ನು ನೋಡಿದವರಿಗೆ, ಮೆಟ್ಟಿಲುಗಳ ನಡುವೆಯೇ ಎಷ್ಟು ಪುಟ್ಟ ಗುಡಿಗಳು ಇರಬಹುದೆಂಬುದು ಗೊತ್ತು. ಯಂತ್ರದ ಒಂದು ಗೀರಿಗೆ ಅವು ಉಳಿಯಲಾರವು.

ನೆಲ ಸಾಗುವಳಿದಾರನ ಸ್ವಂತದ್ದಾದರೆ ಅವನ ಒಪ್ಪಿಗೆಯಿಲ್ಲದೆ ಹೆಜ್ಜೆ ಇಡಕೂಡದು. ‘ಬಿ’ ಖರಾಬಾದರೂ ಅವನ ಮೇಲೆ ದೂರು ಹೊತ್ತುಕೊಂಡು ಹೋಗುವ ಬದಲು ಗ್ರಾಮಸಭೆಯಲ್ಲಿ ಅವನನ್ನೂ ಕೂರಿಸಿಕೊಂಡು ಮಾತಾಡಿದರೆ ಕೆಲಸ ಬೇಗ ಆಗುತ್ತದೆ. ಅವನ ಅಜ್ಜ ಬಾವಿ ಮುಚ್ಚಿದ್ದು ದುರಾಸೆಯಿಂದಲೇ ಆಗಿರಬೇಕಿಲ್ಲ. ದನ ಬಿದ್ದು ಸತ್ತ ಮೇಲೆ ಎಷ್ಟೋ ಹಾಳು ಬಾವಿಗಳನ್ನು ಊರವರೇ ಮುಚ್ಚಿಸಿದ್ದಾರೆ.

ತೆರೆದ ಹಳೆಯ ಬಾವಿಗೆ ಯಾರನ್ನೂ ಒಮ್ಮೆಲೇ ಇಳಿಸಬಾರದು. ಕೆಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯೊಂದನ್ನೇ ನಂಬಬೇಡಿ, ದೀಪ ಉರಿಯುತ್ತಿದ್ದರೂ ವಿಷಗಾಳಿ ಇರಬಹುದು. ಒಳಗೆ ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುವುದು ಇಂಥಲ್ಲೇ. ಅಗ್ನಿಶಾಮಕ ದಳದವರ ನೆರವು ಪಡೆಯಿರಿ. ಸುತ್ತ ಎದೆಮಟ್ಟದ ಗೋಡೆ ಅಥವಾ ತಂತಿ ಬೇಲಿ ಹಾಕುವುದು ಮೊದಲ ಖರ್ಚಾಗಿರಲಿ.

ಇಂಗಿಸಲು ಬಿಡುವ ನೀರು ಹುಲ್ಲುಗಾವಲು, ಗುಡಿಯ ಅಂಗಳ, ಮನೆಯ ಮಾಡುಗಳದ್ದಾಗಿರಬೇಕು. ಔಷಧಿ ಹೊಡೆದ ಈರುಳ್ಳಿ ಹೊಲದ ನೀರಾಗಲಿ, ಕೊಟ್ಟಿಗೆಯ ನೀರಾಗಲಿ ಬೇಡವೇ ಬೇಡ. ನೀರು ಮೊದಲು ಹೂಳುಗುಂಡಿಯಲ್ಲಿ ನಿಂತು ತಿಳಿಯಾಗಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿದ ಸೋಸುಗುಂಡಿಯ ಮೂಲಕ ಬಾವಿಗೆ ಇಳಿಯಲಿ. ಮತ್ತೆ ನೀರು ನಿಂತು ಪೂಜೆ ಆರಂಭವಾದ ದಿನ ಬಾವಿ ಎಲ್ಲರದ್ದೆಂಬುದನ್ನು ಊರು ಮರೆಯಬಾರದು. ಯಾರನ್ನಾದರೂ ಜಾತಿಯ ಕಾರಣದಿಂದ ಅಲ್ಲಿಗೆ ಬರದಂತೆ ತಡೆದರೆ ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ.

ಬಾವಿ ಸಿಗದಿದ್ದರೂ ನೋಟ್ ಪುಸ್ತಕವನ್ನು ಎಸೆಯಬೇಡಿ. ಹೆಸರು, ಸರ್ವೆ ನಂಬರು, ಹೇಳಿದವರ ವಯಸ್ಸು, ಬರೆದುಕೊಂಡ ತಾರೀಖು ಇವಿಷ್ಟನ್ನೂ ತುಂಬಿ ಒಂದು ಪ್ರತಿಯನ್ನು ಊರಿನ ಶಾಲೆಗೆ, ಇನ್ನೊಂದನ್ನು ಗ್ರಾಮ ಪಂಚಾಯಿತಿಗೆ ಕೊಡಿ. ಮೂರನೆಯ ಪ್ರತಿ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ, ಕ್ರಯಪತ್ರಗಳ ಜೊತೆಗೆ ಇರಲಿ.